ಸೂಜಿಯ ವಾಯಿದೆ

ಈ ಸಲ ದೀಪಾವಳಿಯ ಫರಾಳದ ವಿಚಾರ ಬರೆಯುತ್ತೇವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತು ಮುರಿಯಬೇಕಾಗಿದೆ. ಕಾರಣ, ಅದಕ್ಕಿಂತ ಹಿಂದಿನ ಇನ್ನೊಂದು ಮಾತನ್ನು ತಿದ್ದಿಕೊಳ್ಳುವ ಕೆಲಸ ಮೇಲೆ ಬಿದ್ದಿದೆ. 2025ರ ಜೂನ್ ಮೊದಲನೆಯ ರವಿವಾರ ನಮ್ಮ ಸಂಘದ ಕೂಟದಲ್ಲಿ ನಮ್ಮ ತಾಯಿಯವರು ಕುರ್ಚಿ ಬಿಟ್ಟು ಎದ್ದು, ನಗುನಗುತ್ತ ನಾಲ್ಕು ಜನರನ್ನು ಮಾತಾಡಿಸಿದ್ದನ್ನು ಹಲವರು ಕಂಡಿದ್ದೀರಿ. “ಬೆನ್ನಿಗೆ ಅದೇನೋ ಸೂಜಿ ಹಾಕಿಸಿದಿರಂತೆ, ಎಷ್ಟು ದಿನ ಬಾಳಿಕೆ ಬರುತ್ತದೆ?” ಎಂದು ಐದಾರು ಮಂದಿ ನಮ್ಮನ್ನು ಕೇಳಿದಿರಿ. ನಾವು ಎದೆಯುಬ್ಬಿಸಿ, “ಆರು ವಾರ ದಾಟಿತು, ಹೂವಿನ ಹಾಗಿದ್ದಾರೆ, ಇನ್ನೂ ಆರು ತಿಂಗಳಿಗೆ ಚಿಂತೆಯಿಲ್ಲ” ಎಂದೆವು. ಆ ಉತ್ತರ ತಪ್ಪು. ನಮ್ಮ ಮಾತು ನಂಬಿ ಒಬ್ಬ ಗೆಳೆಯರು ತಮ್ಮ ತಂದೆಗೂ ಸೂಜಿಯ ದಿನ ಗೊತ್ತುಮಾಡಿಕೊಂಡರೆಂದು ತಿಳಿದಾಗಿನಿಂದ ಅನ್ನ ಮೈಗೆ ಹತ್ತಿಲ್ಲ. ಕಚೇರಿಯಲ್ಲಾದರೆ ಒಂದು ತಿದ್ದೋಲೆ ಹೊರಡಿಸಿ ಕೈತೊಳೆದುಕೊಳ್ಳುತ್ತೇವೆ. ಇಲ್ಲಿ ಎಲ್ಲವನ್ನೂ ಹೇಳದೆ ಗತಿಯಿಲ್ಲ.

ತಾಯಿಯವರಿಗೆ ಅರವತ್ತೆಂಟು. ತಂದೆಯವರು ಹೋದ ಮೇಲೆ ಧಾರವಾಡದ ಮನೆಯನ್ನು ಅಣ್ಣನ ವಶಕ್ಕೆ ಬಿಟ್ಟು ಡೊಂಬಿವಲಿಯ ನಮ್ಮ ಮೂರನೆಯ ಮಹಡಿಗೆ ಬಂದು ಸೇರಿದರು. ಲಿಫ್ಟಿಲ್ಲ. ಮೊದಲ ವರ್ಷ ಏನೂ ತೋರಲಿಲ್ಲ. ಆಮೇಲೆ ಸೊಂಟದ ಬಲಮಗ್ಗುಲಲ್ಲಿ ಒಂದು ನೋವು, ಗುರುತಿನವರ ಗುರುತು ಹೇಳಿಕೊಂಡು ಎರಡು ದಿನಕ್ಕೆಂದು ಬಂದ ನೆಂಟನ ಹಾಗೆ ಬಂದು, ಹಾಸಿಗೆ ಬಿಚ್ಚಿ ಉಳಿದೇಬಿಟ್ಟಿತು. ಕೂತು ಏಳುವಾಗ ಹೆಚ್ಚು. ಮೇಲಿನ ತಂತಿಗೆ ಬಟ್ಟೆ ಹಾಕಲು ಹಿಂದಕ್ಕೆ ಬಾಗಿದರೆ ಇನ್ನೂ ಹೆಚ್ಚು. ತೊಡೆಯವರೆಗೆ ಇಳಿಯುತ್ತಿತ್ತು, ಮೊಣಕಾಲು ದಾಟುತ್ತಿರಲಿಲ್ಲ. ನೀಲಗಿರಿ ಎಣ್ಣೆ, ಉಪ್ಪಿನ ಶಾಖ, ಪಕ್ಕದ ಮನೆಯ ಕಾಕೂ ಹೇಳಿದ ಲೇಪ, ಎಲ್ಲ ಆಯಿತು. ವ್ಯಾಯಾಮ ಕಲಿಸುವವರೂ ಬಂದರು. ಅವರು ಇದ್ದಾಗ ತಾಯಿಯವರು ಮಾಡುತ್ತಿದ್ದರು, ಹೋದ ಮೇಲೆ ಬಿಡುತ್ತಿದ್ದರು. ಈ ವಿಷಯದಲ್ಲಿ ಅವರು ನಮ್ಮ ಮಗನಿಗೆ ತಕ್ಕ ಅಜ್ಜಿ.

ನೋವಿಗೆ ಡಾಕ್ಟರರದು ಸೊನ್ನೆಯಿಂದ ಹತ್ತರವರೆಗಿನ ಅಳತೆ. ತಾಯಿಯವರದು ಆಣೆ ಲೆಕ್ಕ. ಹದಿನಾರಾಣೆ ಎಂದರೆ ಪೂರ್ಣ ರೂಪಾಯಿ, ತಡೆಯಲಾರದ ನೋವು. “ಇವತ್ತ ಹತ್ತಾಣೆ ಅದ” ಎಂದರೆ ಒಲೆಯ ಮುಂದೆ ನಿಲ್ಲಬಹುದು, ಮಹಡಿ ಇಳಿಯಲಾಗದು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ದಿನಾ ಒಂದು ಅಂಕಿ ಬರೆಯುವ ಪದ್ಧತಿಯನ್ನು ಅವರೇ ಹಾಕಿಕೊಂಡರು. ಡಾಕ್ಟರರು ಆ ಹಾಳೆ ನೋಡಿ, ತಮ್ಮ ಮುದ್ರಿತ ಫಾರಮಿಗಿಂತ ಇದು ವಾಸಿ ಎಂದದ್ದುಂಟು.

ಇಷ್ಟಾಗುವಾಗ ಅಣ್ಣನ ಮಗಳ ಮದುವೆ ಗೊತ್ತಾಯಿತು. 2025ರ ಮೇ ತಿಂಗಳು, ಧಾರವಾಡ. ಮೊದಲ ಮೊಮ್ಮಗಳು. ಸುರಗಿಯ ನೀರಿನಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಅಜ್ಜಿ ಎದುರಿಗಿರಬೇಕು. ಇರಬೇಕೆಂದರೆ ನೆಲದ ಮೇಲೆ ಕೂರಬೇಕು, ಏಳಬೇಕು, ಮತ್ತೆ ಕೂರಬೇಕು. ಅದಕ್ಕೂ ಮೊದಲು ರಾತ್ರಿಯೆಲ್ಲ ರೈಲು. ಮಾರ್ಚ್ ತಿಂಗಳಲ್ಲಿ ಕ್ಯಾಲೆಂಡರು ಹನ್ನೊಂದು, ಹನ್ನೆರಡು ತೋರಿಸುತ್ತಿತ್ತು. ಆಗ ಸೂಜಿಯ ಮಾತು ಬಂತು.

“ಡಾಕ್ಟರ ಸಾಹೇಬ್ರ, ಸೂಜಿ ಚುಚ್ಚಿದ್ರ ಎಷ್ಟ ದಿನಾ ತಡೀತದ? ಮದವಿ ಮುಗಿಯೂತನಾ ತಡದ್ರ ಸಾಕು ನೋಡ್ರಿ” ಎಂದರು ತಾಯಿಯವರು, ತಮ್ಮ ಧಾರವಾಡಿ ಮರಾಠಿಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ. ಡಾಕ್ಟರರು ಮರಾಠಿಗರು. ‘ಸಾಂಧಾ’ ಎಂದು ಅವರು ಅಂದದ್ದನ್ನು ತಾಯಿಯವರು ನಮ್ಮ ‘ಸಂದು’ ಎಂದು ತಿಳಿದರು. ತಿಳಿದದ್ದರಲ್ಲಿ ತಪ್ಪೇನೂ ಇಲ್ಲ.

ಆ ಸಂದು ಯಾವುದು? ಬೆನ್ನೆಲುಬು ಒಂದರ ಮೇಲೊಂದು ಇಟ್ಟ ಮಣಿಗಳ ಕಂಬ. ಮುಂಭಾಗದಲ್ಲಿ ಎರಡೆರಡು ಮಣಿಗಳ ನಡುವೆ ಒಂದು ಮೆತ್ತೆ. ಅದಕ್ಕೆ ಡಿಸ್ಕ್ ಎನ್ನುತ್ತಾರೆ, ಅದರ ಹೆಸರು ಈಗ ಎಲ್ಲರ ಬಾಯಲ್ಲಿದೆ. ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕೀಲು. ಮೇಲಿನ ಮಣಿಯ ಒಂದು ಚಾಚು ಕೆಳಗಿನ ಮಣಿಯ ಇನ್ನೊಂದು ಚಾಚಿಗೆ ಮುಖಕ್ಕೆ ಮುಖ ತಾಗಿ ನಿಂತಿರುತ್ತದೆ. ಇವಕ್ಕೆ ಫೆಸೆಟ್ ಕೀಲುಗಳೆಂದು ಹೆಸರು. ಸಾಣೆ ಹಿಡಿದ ವಜ್ರದ ಸಣ್ಣ ಮುಖಕ್ಕೂ ಇದೇ ಶಬ್ದ. ಮೊಣಕಾಲಿನ ಕೀಲಿನಲ್ಲಿರುವುದೆಲ್ಲ ಇಲ್ಲೂ ಇದೆ: ನುಣುಪಾದ ಮೃದ್ವಸ್ಥಿ, ಸುತ್ತಲೂ ಚೀಲ, ಒಳಗೆ ಜಾರಲು ತುಸು ದ್ರವ. ಸೊಂಟದ ಒಂದು ಕೀಲಿನೊಳಗೆ ಹಿಡಿಸುವುದು ಒಂದೆರಡು ಮಿಲಿಲೀಟರು ಮಾತ್ರ, ಕಾಲು ಚಮಚಕ್ಕೆ ಸ್ವಲ್ಪ ಮೇಲು. ಮೊಣಕಾಲು ಸವೆದರೆ ನೋಯುವ ಹಾಗೆ ಇದು ಸವೆದರೂ ನೋಯಬಹುದು.

‘ನೋಯಬಹುದು’ ಎಂಬ ಶಬ್ದದ ಮೇಲೆ ಡಾಕ್ಟರರು ಭಾರ ಹಾಕಿದರು. ನಾವು ತಾಯಿಯವರ ಎಂ.ಆರ್.ಐ. ಚಿತ್ರದ ವರದಿ ಹಿಡಿದು, ಅದರಲ್ಲಿ ಕೀಲು ಸವೆದಿದೆಯೆಂದು ಬರೆದದ್ದಕ್ಕೆ ಬೆರಳಿಟ್ಟು ತೋರಿಸಿದೆವು. ಅವರು ನಕ್ಕರು. ಬೆನ್ನುನೋವೇ ಇಲ್ಲದ ಜನರ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಲೆಕ್ಕ 2015ರಲ್ಲಿ ಪ್ರಕಟವಾಗಿದೆ: ಎಂಬತ್ತು ವರ್ಷದವರಲ್ಲಿ ನೂರಕ್ಕೆ 83 ಮಂದಿಗೆ ಈ ಕೀಲುಗಳ ಸವೆತ ಇತ್ತು, ನೋವು ಇರಲಿಲ್ಲ. ಕೂದಲು ನರೆತದ್ದಕ್ಕೆ ತಲೆನೋವೆಂದು ಯಾರಾದರೂ ಹೇಳುತ್ತಾರೆಯೇ?

ಈ ಕೀಲಿನ ಮೇಲಿನ ಸಂಶಯ ಹಳೆಯದು. ಬಾಸ್ಟನ್ನಿನ ಗೋಲ್ಡ್‌ತ್ವೇಟ್ ಎಂಬ ವೈದ್ಯ 1911ರಲ್ಲೇ ಬೆನ್ನುನೋವಿಗೆ ಇದೂ ಕಾರಣವಿರಬಹುದೆಂದು ಹೇಳಿದ್ದ. 1933ರಲ್ಲಿ ಗೋರ್ಮ್ಲಿ ಎಂಬಾತ ಅದಕ್ಕೊಂದು ಹೆಸರನ್ನೂ ಕೊಟ್ಟ. ಮರುವರ್ಷವೇ, 1934ರಲ್ಲಿ, ಮಿಕ್ಸ್‌ಟರ್ ಮತ್ತು ಬಾರ್ ಎಂಬಿಬ್ಬರು ಡಿಸ್ಕ್ ಹೊರಕ್ಕೆ ಚಾಚಿ ನರ ಒತ್ತುವುದನ್ನು ತೋರಿಸಿದರು. ಎಲ್ಲರ ಕಣ್ಣೂ ಆ ಕಡೆ ತಿರುಗಿತು. ಕೀಲು ಬಹುಕಾಲ ದಾಖಲೆ ಕೋಣೆಯಲ್ಲಿ ಧೂಳು ತಿಂದಿತು. 1976ರಲ್ಲಿ ಮೂನಿ ಮತ್ತು ರಾಬರ್ಟ್‌ಸನ್ ಎಂಬವರು ಈ ಕೀಲಿಗೆ ಉಪ್ಪುನೀರು ಚುಚ್ಚಿ ಸೊಂಟದಿಂದ ತೊಡೆಯವರೆಗೆ ನೋವು ಹುಟ್ಟಿಸಿ, ಮರವಿನ ಔಷಧಿ ಹಾಕಿ ಅದನ್ನು ಅಡಗಿಸಿ ತೋರಿಸಿದ ಮೇಲೆ ಕಡತ ಮತ್ತೆ ಮೇಜಿಗೆ ಬಂತು. ಆ ಪ್ರಯೋಗಕ್ಕೆ ಮೈಕೊಟ್ಟವರನ್ನು ನೆನೆದರೆ ನಮಗೆ ಈಗಲೂ ಸೊಂಟ ಹಿಡಿಯುತ್ತದೆ.

ಇನ್ನು ಸೂಜಿಯೊಳಗಿನ ಮದ್ದು. ಅದು ಒಂದಲ್ಲ, ಸಾಧಾರಣವಾಗಿ ಎರಡು; ಎರಡಕ್ಕೂ ಬೇರೆ ಬೇರೆ ವಾಯಿದೆ. ಇದನ್ನು ತಿಳಿಯದೆ ಇರುವುದರಿಂದಲೇ ಅರ್ಧ ಗೊಂದಲ. ಮೊದಲನೆಯದು ಮರವಿನ ಔಷಧಿ. ಹಲ್ಲು ಕೀಳುವಾಗ ಹಾಕುವ ಲಿಗ್ನೋಕೇನನ್ನು ಸ್ವೀಡನ್ನಿನಲ್ಲಿ ಲೋಫ್‌ಗ್ರೆನ್ ಎಂಬಾತ 1943ರಲ್ಲಿ ತಯಾರಿಸಿದ. ಅದರ ಆಟ ಒಂದೆರಡು ತಾಸು. ಬುಪಿವಕೇನ್ ಎಂಬ ಅದರ ಸೋದರ ಇನ್ನೂ ಕೆಲವು ತಾಸು ಹೆಚ್ಚು ನಿಲ್ಲುತ್ತದೆ. ಎರಡನೆಯದು ಸ್ಟೀರಾಯ್ಡ್. ಕಾರ್ಟಿಸೋನನ್ನು ಸಂಧಿವಾತದ ರೋಗಿಗೆ ಮೊದಲು ಕೊಟ್ಟದ್ದು 1948ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ. ಎರಡೇ ವರ್ಷದಲ್ಲಿ ನೊಬೆಲ್ ಬಹುಮಾನ ಬಂತು. 1951ರಲ್ಲಿ ಹಾಲಂಡರ್ ಎಂಬ ವೈದ್ಯ ಅದರ ಜಾತಿಯ ಔಷಧಿಯನ್ನು ನೇರವಾಗಿ ಕೀಲಿನೊಳಕ್ಕೇ ಚುಚ್ಚಿದ ವರದಿ ಕೊಟ್ಟ. ಇದು ಉರಿಯೂತವನ್ನು ಅಡಗಿಸುತ್ತದೆ, ಆದರೆ ಸಾವಕಾಶ. ಕೀಲಿಗೆ ಹಾಕುವ ಬಗೆ ನೀರಿನಲ್ಲಿ ಬೇಗ ಕರಗದ ಸಣ್ಣ ಹರಳು. ಅದು ಕರಗುತ್ತ ಕರಗುತ್ತ ದಿನಗಟ್ಟಲೆ, ವಾರಗಟ್ಟಲೆ ಕೆಲಸ ಮಾಡಬೇಕೆಂಬುದು ಲೆಕ್ಕ.

ಹೀಗಾಗಿ ಸೂಜಿ ಹಾಕಿದ ದಿನ ಮಧ್ಯಾಹ್ನ ಕಾಣುವ ಸುಖ ಮೊದಲನೆಯ ಮದ್ದಿನದು. ಅದು ಇಳಿದ ಮೇಲೆ, ಎರಡನೆಯದು ಇನ್ನೂ ಹತ್ತದೆ ಇರುವಾಗ, ನಡುವೆ ಎರಡು ಮೂರು ದಿನ ಯಾರ ಆಳ್ವಿಕೆಯೂ ಇಲ್ಲ.

“ಎರಡನೆಯದು ಎಷ್ಟು ದಿನ?” ಎಂದು ನಾವೂ ಹಠ ಹಿಡಿದೆವು. ನಿಮಗೆ ಸಂಖ್ಯೆ ಬೇಕು ತಾನೆ, ಎಂದು ಡಾಕ್ಟರರು ಮೂರು ಪರೀಕ್ಷೆಗಳನ್ನು ಹೇಳಿದರು; ಮನೆಗೆ ಬಂದು ನಾವು ಓದಿ ನೋಡಿದೆವು, ಹಾಗೆಯೇ ಇತ್ತು.

1989ರಲ್ಲಿ ಫಿನ್‌ಲೆಂಡಿನಲ್ಲಿ 109 ಮಂದಿಯನ್ನು ಮೂರು ಗುಂಪು ಮಾಡಿದರು. ಒಬ್ಬರಿಗೆ ಕೀಲಿನೊಳಗೆ ಸ್ಟೀರಾಯ್ಡ್ ಮತ್ತು ಮರವಿನ ಔಷಧಿ, ಇನ್ನೊಬ್ಬರಿಗೆ ಅದನ್ನೇ ಕೀಲಿನ ಹೊರಗೆ ಸುತ್ತಮುತ್ತ, ಮೂರನೆಯವರಿಗೆ ಕೀಲಿನೊಳಗೆ ಬರೀ ಉಪ್ಪುನೀರು. ಮೂರೂ ಗುಂಪು ಸುಧಾರಿಸಿದವು. ಯಾವುದೂ ಇನ್ನೊಂದಕ್ಕಿಂತ ಮೇಲಾಗಲಿಲ್ಲ.

1991ರಲ್ಲಿ ಕೆನಡಾದ ಕಾರೆಟ್ ಮತ್ತು ಸಂಗಡಿಗರದು ಇನ್ನೂ ಬಿಗಿಯಾದ ಪರೀಕ್ಷೆ. ಮರವಿನ ಔಷಧಿಯಿಂದ ಆರಾಮ ಕಂಡವರನ್ನೇ ಮೊದಲು ಆರಿಸಿ, ಆಮೇಲೆ ಅರ್ಧ ಜನರಿಗೆ ಸ್ಟೀರಾಯ್ಡ್, ಅರ್ಧ ಜನರಿಗೆ ಉಪ್ಪುನೀರು. ಒಂದು ತಿಂಗಳಿಗೆ ಚೆನ್ನಾಗಿ ಸುಧಾರಿಸಿದೆವೆಂದವರು ನೂರಕ್ಕೆ 42 ಮತ್ತು 33, ದೊಡ್ಡ ಅಂತರವಲ್ಲ. ಆರು ತಿಂಗಳಿಗೆ ಸ್ಟೀರಾಯ್ಡಿನವರು ಮುಂದೆ ಕಂಡರೂ, ನಡುವೆ ಬೇರೆ ಚಿಕಿತ್ಸೆ ಮಾಡಿಸಿಕೊಂಡವರನ್ನು ಲೆಕ್ಕಕ್ಕೆ ಹಿಡಿದಾಗ ಆ ಮುನ್ನಡೆ ಕುಗ್ಗಿತು. ಮೊದಲ ತಿಂಗಳಿನಿಂದ ಆರನೆಯ ತಿಂಗಳವರೆಗೆ ಒಂದೇ ಸಮನೆ ಆರಾಮವಾಗಿದ್ದವರು ಸ್ಟೀರಾಯ್ಡಿನ ಗುಂಪಿನಲ್ಲಿ 11 ಜನ, ನೂರಕ್ಕೆ 22. ಉಪ್ಪುನೀರಿನ ಗುಂಪಿನಲ್ಲಿ ಐದು ಜನ.

ಮೂರನೆಯದು ಕುತ್ತಿಗೆಯ ಕೀಲುಗಳದು, 1994, ಆಸ್ಟ್ರೇಲಿಯ. ವಾಹನದ ಅಪಘಾತದಲ್ಲಿ ಕುತ್ತಿಗೆ ಉಳುಕಿದ 41 ಜನ. ಇಲ್ಲಿ ಕೇಳಿದ ಪ್ರಶ್ನೆ ನಮ್ಮ ತಾಯಿಯವರದೇ: ಹೋದ ನೋವಿನ ಅರ್ಧ ಎಷ್ಟು ದಿನಕ್ಕೆ ತಿರುಗಿ ಬಂತು? ಸಾಲಿನಲ್ಲಿ ನಿಲ್ಲಿಸಿ ನಡುವಿನವನನ್ನು ಕೇಳಿದರೆ, ಸ್ಟೀರಾಯ್ಡ್ ಹಾಕಿಸಿಕೊಂಡವರಲ್ಲಿ ಮೂರು ದಿನ, ಬರೀ ಮರವಿನ ಔಷಧಿಯವರಲ್ಲಿ ಮೂರೂವರೆ ದಿನ. ಒಂದು ತಿಂಗಳಿಗಿಂತ ಹೆಚ್ಚು ಆರಾಮ ಕಂಡವರು ಐದರಲ್ಲಿ ಒಬ್ಬರಿಗೂ ಕಡಮೆ.

ಉಪ್ಪುನೀರು ಹಾಕಿಸಿಕೊಂಡವರಿಗೂ ಗುಣವಾದದ್ದೇಕೆ? ಇದರಲ್ಲಿ ಮೋಸವೂ ಇಲ್ಲ, ಮಾಯೆಯೂ ಇಲ್ಲ. ನೋವು ಏರಿಳಿಯುವ ಪದಾರ್ಥ. ಜನ ಡಾಕ್ಟರರ ಬಳಿ ಓಡುವುದು ಅದು ತುತ್ತತುದಿಯಲ್ಲಿದ್ದಾಗ. ಅಲ್ಲಿಂದ ಅದು ತಾನಾಗಿಯೇ ಇಳಿಯಬೇಕು. ಅಮಾವಾಸ್ಯೆಯ ರಾತ್ರಿ ಮಂತ್ರ ಹಾಕಿದವನು, ಬಿದಿಗೆಯ ಚಂದ್ರನನ್ನು ತಾನೇ ಹುಟ್ಟಿಸಿದೆನೆಂದರೆ ಯಾರು ಅಲ್ಲವೆನ್ನಬೇಕು? ಅದರ ಜೊತೆಗೆ ನಂಬಿಕೆಯ ಬಲವೂ ಸೇರುತ್ತದೆ. ನಮ್ಮ ಸ್ಟೇಷನ್ನಿನ ಹೊರಗೆ ಒಂದು ಫಲಕ ತೂಗುತ್ತಿತ್ತು, ಒಂದೇ ಸೂಜಿ, ವರ್ಷವಿಡೀ ನೆಮ್ಮದಿ ಎಂದು. ಹೆಸರು ಬೇಡ. ಅವರಲ್ಲಿ ಹೋದವರಿಗೂ ಕೆಲವರಿಗೆ ಗುಣವಾಗಿರುತ್ತದೆ, ಆ ಕೆಲವರೇ ಊರೆಲ್ಲ ಹೇಳಿಕೊಂಡು ಬರುತ್ತಾರೆ. ನಾವು ಜೂನ್ ತಿಂಗಳಲ್ಲಿ ಬಂದ ಹಾಗೆ.

ಇಷ್ಟು ಹೇಳಿದ ಮೇಲೆ ಡಾಕ್ಟರರು ಇನ್ನೂ ಒಂದು ಮಾತು ಸೇರಿಸಿದರು. ಇಂಗ್ಲೆಂಡಿನ ಸರಕಾರಿ ಮಾರ್ಗದರ್ಶಿ 2016ರಲ್ಲೇ ಸೊಂಟನೋವಿಗೆ ಬೆನ್ನಿನ ಸೂಜಿಗಳನ್ನು ಕೊಡಬೇಡಿರೆಂದಿದೆ. 2025ರ ಫೆಬ್ರವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂದ ಸಮಿತಿಯ ಸಲಹೆಯೂ ಬಹಳ ದಿನದ ಬೆನ್ನುನೋವಿಗೆ ಇವು ಬೇಡ ಎಂದೇ. ಬೇರೆ ವೈದ್ಯರು ಇದನ್ನು ಒಪ್ಪುವುದಿಲ್ಲ, ಸರಿಯಾದ ರೋಗಿಯನ್ನು ಆರಿಸಿದರೆ ಫಲವಿದೆ ಎನ್ನುತ್ತಾರೆ. “ನಾನು ನಡುವೆ ನಿಂತವನು. ನಿಮ್ಮ ತಾಯಿಗೆ ಬೇಕಾದದ್ದು ಒಂದು ವಾರದ ಬಿಡುವು. ಅದು ಸಿಕ್ಕೀತು, ಸಿಗದಿರಲೂಬಹುದು” ಎಂದರು. ಹೀಗೆ ಮಾತಾಡುವ ಡಾಕ್ಟರರ ಹತ್ತಿರ ಜನ ಹೆಚ್ಚು ಹೋಗುವುದಿಲ್ಲವೆಂದು ಅವರ ಖಾಲಿ ಬೆಂಚುಗಳನ್ನು ನೋಡಿ ನಮಗನಿಸಿತು.

ನಾವು ಹಿಂದೆಮುಂದೆ ನೋಡಿದೆವು. ಖರ್ಚು ನಮ್ಮ ತಿಂಗಳ ಸಂಬಳದ ಮೂರನೆಯ ಒಂದು ಪಾಲು. ಮದುವೆಗೆ ಬೇರೆ ಹಣ ಕೂಡಿಸಬೇಕು. ನಮ್ಮಾಕೆ ಮಾತ್ರ, “ಬೆನ್ನು ಯಾರದು? ಅವರನ್ನೇ ಕೇಳಿ” ಎಂದಳು. ಕೇಳಿದೆವು. “ನಾಲ್ಕರಾಗ ಒಬ್ಬರಿಗೆ ಹತ್ತಿದ್ರೂ ಆ ಒಬ್ಬಾಕಿ ನಾನ ಯಾಕಾಗಬಾರ್ದು?” ಎಂದರು ತಾಯಿಯವರು. ಲಾಟರಿ ಟಿಕೀಟು ಕೊಳ್ಳುವವರ ಮಾತು ಇದೇ. ಆದರೆ ಮೊಮ್ಮಗಳ ಮದುವೆ ನೋಡಬೇಕೆನ್ನುವವರ ಮಾತೂ ಇದೇ.

ದಿನ ಇಡುವುದು ಮುಹೂರ್ತ ಇಟ್ಟದ್ದಕ್ಕಿಂತ ಕಷ್ಟವಾಯಿತು. ಬಹಳ ಮುಂಚೆ ಹಾಕಿಸಿದರೆ ಮದುವೆಯ ಹೊತ್ತಿಗೆ ವಾಯಿದೆ ಮುಗಿದೀತು. ತೀರ ಹತ್ತಿರ ಹಾಕಿಸಿದರೆ ಮದ್ದು ಹತ್ತುವುದರೊಳಗೆ ಅಕ್ಷತೆ ಬಿದ್ದೀತು. ಮೇಲಾಗಿ ತಾಯಿಯವರಿಗೆ ಸಕ್ಕರೆ ಕಾಯಿಲೆ. ಸ್ಟೀರಾಯ್ಡ್ ಒಳಗೆ ಹೋದರೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ, ಅದು ಇಳಿಯಲು ಕಾಲ ಬೇಕು. ಅಂತೂ ಮೂರು ವಾರಕ್ಕೆ ಸ್ವಲ್ಪ ಮೇಲೆ ಎಂದು ಗೊತ್ತುಮಾಡಿ, ಏಪ್ರಿಲ್ 17, ಗುರುವಾರ ಎಂದಾಯಿತು. ಅಣ್ಣ ಫೋನಿನಲ್ಲಿ, “ರಾಹುಕಾಲ ನೋಡಿದಿಯೇನು?” ಎಂದ. ನೋಡಿರಲಿಲ್ಲ.

ಸೂಜಿಯ ಕೆಲಸ ಹತ್ತಿಪ್ಪತ್ತು ನಿಮಿಷದ್ದು. ಬೋರಲಾಗಿ ಮಲಗಿಸಿ, ಕ್ಷಕಿರಣದ ತೆರೆಯಲ್ಲಿ ನೋಡುತ್ತ, ಬಲಗಡೆಯ ಕೆಳಗಿನ ಎರಡು ಕೀಲುಗಳಿಗೆ ಹಾಕಿದರು. ಹತ್ತೂವರೆಗೆ ಒಳಗೆ ಹೋದವರು ಹನ್ನೆರಡಕ್ಕೆ ತಾವೇ ನಡೆದು ಬಂದರು. ಮನೆಯ ಮೆಟ್ಟಿಲನ್ನು ಎಲ್ಲಿಯೂ ನಿಲ್ಲದೆ ಹತ್ತಿದರು. ಮಧ್ಯಾಹ್ನ ನಾಲ್ಕಕ್ಕೆ ನೋಡುತ್ತೇವೆ, ಮೇಲಿನ ತಂತಿಗೆ ಬಟ್ಟೆ ಹಾಕುತ್ತಿದ್ದಾರೆ! ನಮ್ಮಾಕೆಗೆ ಕಣ್ಣಲ್ಲಿ ನೀರು. ಎಷ್ಟು ಹೇಳಿಸಿಕೊಂಡಿದ್ದರೂ ನಾವು, ಇದು ಮೊದಲನೆಯ ಮದ್ದು, ಸಂಜೆಯವರೆಗಿನದು ಎಂಬುದನ್ನು ಮರೆತೇಬಿಟ್ಟೆವು. ರಾತ್ರಿ ಒಂಬತ್ತಕ್ಕೆ ನೋವು ತಿರುಗಿ ಬಂತು, ಹದಿಮೂರಾಣೆ. ಮರುದಿನ ಹದಿನಾಲ್ಕು. ಸಕ್ಕರೆ 260. ಅಣ್ಣನಿಗೆ ಫೋನು ಮಾಡಲು ನಮಗೆ ಧೈರ್ಯ ಸಾಲಲಿಲ್ಲ. ನಾಲ್ಕನೆಯ ದಿನ ಎಂಟಾಣೆ. ಏಳನೆಯ ದಿನ ಐದು. ಹತ್ತನೆಯ ದಿನ ಮೂರಾಣೆಗೆ ಇಳಿದು, ಸಕ್ಕರೆಯೂ ತನ್ನ ಜಾಗಕ್ಕೆ ಬಂತು.

ಮದುವೆಯನ್ನು ಬಣ್ಣಿಸಲು ಇಲ್ಲಿ ಎಡೆಯಿಲ್ಲ. ತಾಯಿಯವರು ನಾಲ್ಕು ದಿನವೂ ಎದುರಿಗಿದ್ದರು, ನೆಲದ ಮೇಲೆ ಕೂತು ಎದ್ದರು, ಹೆಣ್ಣೊಪ್ಪಿಸುವಾಗ ಎಲ್ಲರಿಗಿಂತ ಹೆಚ್ಚು ಅತ್ತರು. ಹೋಳಿಗೆ ಮಾತ್ರ ಮುಟ್ಟಲಿಲ್ಲ ಎಂದು ಅವರು ಹೇಳುತ್ತಾರೆ; ಸಾಕ್ಷಿಗಳು ಬೇರೆ ಹೇಳುತ್ತಾರೆ.

ತಿರುಗಿ ಬಂದ ಮೇಲೆ ಕ್ಯಾಲೆಂಡರಿನಲ್ಲಿ ಅಂಕಿಗಳು ನಿಂತವು. ಕೇಳಿದರೆ, “ಆರಾಮದನಿ, ಬರಿಯೂದೇನದ?” ಎನ್ನುವರು. ಆ ‘ಆರಾಮ’ವನ್ನೇ ನಂಬಿ ನಾವು ಜೂನ್ ಕೂಟದಲ್ಲಿ ಡಂಗುರ ಹೊಡೆದದ್ದು. ಜುಲೈ ಮೊದಲಲ್ಲಿ ಹಾಲಿನವನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಮೂರು ಲೀಟರಿನ ವ್ಯತ್ಯಾಸ ಬಂದು, ನಮ್ಮಾಕೆ ಹಳೆಯ ಹಾಳೆ ಹರಿದು ತಿರುವಿ ನೋಡಿದಳು. ಮೇ ತಿಂಗಳ ಹಾಳೆಯ ಬೆನ್ನಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ: 21ಕ್ಕೆ ಆರು, 24ಕ್ಕೆ ಏಳು, 28ಕ್ಕೆ ಎಂಟು. ಜೂನ್ ಹಾಳೆಯ ಹಿಂದೆ: ಮೊದಲನೆಯ ತಾರೀಖು, ಅಂದರೆ ಸಂಘದ ಕೂಟದ ದಿನ, ಒಂಬತ್ತು. ಒಂಬತ್ತಾಣೆ ನೋವು ಹೊತ್ತು ಅವರು ಅಲ್ಲಿ ನಗುತ್ತ ಓಡಾಡಿದ್ದರು. ಜೂನ್ ಕೊನೆಗೆ ಹನ್ನೊಂದು, ಹನ್ನೊಂದು, ಹನ್ನೆರಡು.

ಯಾಕೆ ಹೇಳಲಿಲ್ಲವೆಂದು ಕೇಳಿದಾಗ ನಮ್ಮ ದನಿ ಏರಿತ್ತು. ಈಗ ಅದಕ್ಕೆ ನಾಚಿಕೆಯಿದೆ. ಅವರು ಬಹಳ ಹೊತ್ತು ಬೇಳೆ ಆರಿಸುತ್ತ ಕೂತು, “ಅಷ್ಟ ರೊಕ್ಕಾ ಕೊಟ್ಟು ಐದ ವಾರಾನೂ ತಡೀಲಿಲ್ಲಂದ್ರ ನಿನಗ ಕೆಟ್ಟ ಅನಸ್ತದ. ಮತ್ತ ಇನ್ನೊಂದು ಹಾಕ್ಸೋಣಂತಿ. ಅದಕ್ಕ” ಎಂದರು.

ಆದ್ದರಿಂದ ನಮ್ಮ ಮನೆಯ ಸರಿಯಾದ ಲೆಕ್ಕ ಇದು: ಮೊದಲನೆಯ ಮದ್ದು ಸುಮಾರು ಒಂಬತ್ತು ತಾಸು, ಎರಡನೆಯದು ನಾಲ್ಕನೆಯ ದಿನದಿಂದ ಐದನೆಯ ವಾರದವರೆಗೆ, ಹತ್ತನೆಯ ವಾರಕ್ಕೆ ಮೊದಲಿದ್ದಲ್ಲಿಗೆ. ಅದರಲ್ಲಿ ಸೂಜಿಯ ಪಾಲೆಷ್ಟು, ಮೊಮ್ಮಗಳ ಪಾಲೆಷ್ಟು ಎಂದು ಬೇರ್ಪಡಿಸುವ ಯಂತ್ರ ನಮ್ಮಲ್ಲಿಲ್ಲ. ನಮ್ಮ ಗೆಳೆಯರಿಗೆ ಆ ಸಂಜೆಯೇ ಫೋನು ಮಾಡಿ ತಪ್ಪೊಪ್ಪಿಕೊಂಡೆವು. ಅವರ ತಂದೆ ಆಗಲೇ ಹಾಕಿಸಿಕೊಂಡಾಗಿತ್ತು. ಅವರಿಗೆ ನಾಲ್ಕು ದಿನವೂ ನಿಲ್ಲಲಿಲ್ಲ. ಗೆಳೆಯರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮತ್ತೆ ಡಾಕ್ಟರರಲ್ಲಿಗೆ ಹೋದೆವು. ಇನ್ನೊಂದು ಸೂಜಿ ಹಾಕಬಹುದು, ಆದರೆ ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ತಾವು ಹಾಕುವುದಿಲ್ಲ, ಸಕ್ಕರೆಯವರಿಗೆ ಅಷ್ಟೂ ಬೇಡ ಎಂದರು. ಬೇರೆ ದಾರಿಯೊಂದಿದೆ: ಕೀಲಿನಿಂದ ನೋವಿನ ಸುದ್ದಿ ಒಯ್ಯುವ ಸಣ್ಣ ನರವನ್ನು ರೇಡಿಯೋ ತರಂಗದ ಸೂಜಿಯಿಂದ 80 ಡಿಗ್ರಿಗೆ ಕಾಯಿಸಿ ಸುಡುವುದು. ಆ ನರ ಮತ್ತೆ ಬೆಳೆಯುತ್ತದೆ, ಆದ್ದರಿಂದ ಅದಕ್ಕೂ ವಾಯಿದೆಯುಂಟು, ಆದರೆ ದೊಡ್ಡದು. 1996ರಲ್ಲಿ ಕುತ್ತಿಗೆನೋವಿನ 24 ಜನರ ಮೇಲೆ ಪರೀಕ್ಷಿಸಿದಾಗ, ಅರ್ಧ ನೋವು ತಿರುಗಿ ಬರಲು ಸುಟ್ಟವರಲ್ಲಿ ನಡುವಿನವನಿಗೆ 263 ದಿನ ಹಿಡಿಯಿತು, ಸುಟ್ಟ ಹಾಗೆ ನಟಿಸಿದವರಲ್ಲಿ 8 ದಿನ. ಕೇಳಿ ನಮ್ಮ ಕಿವಿ ನೆಟ್ಟಗಾಯಿತು. ಆದರೆ ಆ ಜನರನ್ನು ಬಹಳ ಕಟ್ಟುನಿಟ್ಟಾಗಿ ಆರಿಸಿದ್ದರು. ಒಂದೇ ಸಲ ಮರವಿನ ಔಷಧಿ ಹಾಕಿ ನೋವು ಹೋಯಿತೆಂದರೆ ನಂಬುವ ಹಾಗಿಲ್ಲ. ಸೊಂಟದ ಕೀಲಿನಲ್ಲಿ ಹಾಗೆ ಹೇಳಿದವರಲ್ಲಿ ಹೆಚ್ಚಿನವರದು ಎರಡನೆಯ ಸಲ ಸುಳ್ಳಾದದ್ದು 1994ರಲ್ಲೇ ತಿಳಿದಿದೆ. ಆದ್ದರಿಂದ ಬೇರೆ ಬೇರೆ ದಿನ, ಒಮ್ಮೆ ಕಡಮೆ ನಿಲ್ಲುವ ಮದ್ದು, ಒಮ್ಮೆ ಹೆಚ್ಚು ನಿಲ್ಲುವ ಮದ್ದು ಹಾಕಿ, ಆರಾಮವೂ ಅದೇ ಪ್ರಕಾರ ಕಡಮೆ ಹೆಚ್ಚು ನಿಂತರೆ ಮಾತ್ರ ಮುಂದಿನ ಮಾತು. ಆಮೇಲೆ 2017ರಲ್ಲಿ ಹಾಲೆಂಡಿನಲ್ಲಿ ಸೊಂಟನೋವಿನ 681 ಜನರನ್ನು ನೋಡಿದಾಗ, ಬರೀ ವ್ಯಾಯಾಮಕ್ಕಿಂತ ವ್ಯಾಯಾಮದ ಜೊತೆ ನರ ಸುಟ್ಟದ್ದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಗುಣ ಕಾಣಲಿಲ್ಲ. ಆಯ್ಕೆ ಸಡಿಲವಾಗಿತ್ತೆಂದು ಇನ್ನೊಂದು ಪಕ್ಷದವರ ಆಕ್ಷೇಪಣೆ. ಜಗಳ ನಡೆದೇ ಇದೆ.

ಇಲ್ಲಿ ಒಂದು ಮಾತು ನಡುವೆ ಹೇಳಿಬಿಡಬೇಕು. ಬೆನ್ನುನೋವಿನ ಜೊತೆಗೆ ಕಾಲು ಸೋಲುವುದು, ಮೂತ್ರ ಮಲದ ಹಿಡಿತ ತಪ್ಪುವುದು, ಕೂರುವ ಜಾಗ ಜೋಮು ಹಿಡಿಯುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಈ ಪುಟವನ್ನು ಮಡಿಚಿಟ್ಟು ಅಂದೇ ಆಸ್ಪತ್ರೆಗೆ ಹೋಗಿರಿ. ಅದು ಬೇರೆ ಕಥೆ.

ತಾಯಿಯವರು ಎಲ್ಲವನ್ನೂ ಕೇಳಿ ಸುಡುವುದು ಈಗ ಬೇಡವೆಂದರು. “ಸೂಜಿ ತಡದಾಗ ಮೆಟ್ಟಲಾ ಹತ್ತಿ ಇಳಿದೆ, ಅಂಗಡಿಗೆ ಹೋದೆ. ಆಗ ಕಾಲಾಗ ಸ್ವಲ್ಪ ಕಸುವು ಬಂದಿತ್ತು. ಅದನ್ನರೆ ಇಟಗೊಳ್ತೀನಿ” ಎಂದರು. ವ್ಯಾಯಾಮ ಕಲಿಸುವವರನ್ನು ಮತ್ತೆ ಕರೆದದ್ದು ಅವರೇ. ಡಾಕ್ಟರರಿಗೆ ಇದು ಸೂಜಿಗಿಂತ ಹೆಚ್ಚು ಸಂತೋಷ ಕೊಟ್ಟ ಹಾಗೆ ಕಂಡಿತು. ಸೂಜಿಯ ಬಿಡುವಿನಲ್ಲಿ ಮೈ ಆಡಿಸದವರಿಗೆ ಆ ಬಿಡುವು ದಂಡವೆಂದು ಮೊದಲೇ ಹೇಳಿದ್ದರಂತೆ, ನಮಗೆ ಕೇಳಿಸಿರಲಿಲ್ಲ. ದಿನಾ ಸಂಜೆ ಅಜ್ಜಿಯೂ ಮೊಮ್ಮಗನೂ ಚಾಪೆ ಹಾಸಿ ಕಾಲೆತ್ತುತ್ತಾರೆ. ಅವನು ಎಣಿಸುತ್ತಾನೆ, ಮೋಸ ಮಾಡುತ್ತಾನೆ, ಅವರು ಹಿಡಿಯುತ್ತಾರೆ. ಕೆಲವು ದಿನ ಹನ್ನೊಂದಾಣೆ ಇರುತ್ತದೆ, ಆ ದಿನ ಚಾಪೆ ಬಿಚ್ಚುವುದಿಲ್ಲ.

ಅಂಕಿಗಳು ಈಗ ಕ್ಯಾಲೆಂಡರಿನ ಮುಂಭಾಗದಲ್ಲೇ ಇವೆ, ಅದು ನಮ್ಮಾಕೆಯ ಕಟ್ಟಪ್ಪಣೆ. ನಿನ್ನೆ ಹಾಲು ಒಂದೂವರೆ ಲೀಟರು, ನೋವು ಎಂಟಾಣೆ. ಫರಾಳದ ವಿಚಾರ ಮುಂದಿನ ಸಂಚಿಕೆಗೆ.